ಸರ್ಕಾರದಲ್ಲಿ ಹಕ್ಕಿಗಳ ವಿಜ್ಞಾನಿಯಾಗಿ ಬದುಕು ಹೇಗಿರುತ್ತದೆ?

ಬಿಎಸ್ಸಿ ಎರಡನೇ ವರ್ಷದಲ್ಲಿದ್ದೀರಿ, ಹಕ್ಕಿ ಅಂದರೆ ಪ್ರಾಣ, ಸರ್ಕಾರದಲ್ಲಿ ವನ್ಯಜೀವಿ ವಿಜ್ಞಾನಿಯಾಗಬೇಕು ಅಂತ ಆಸೆ, ಮನೆಯಲ್ಲಿ ಮಾತ್ರ ‘ಹಕ್ಕಿ ನೋಡಿದರೆ ಹೊಟ್ಟೆ ತುಂಬುತ್ತಾ’ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಸರ್ಕಾರಿ ಯೋಜನೆಗಳಲ್ಲಿ ನೀರುಹಕ್ಕಿಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಬನ್ನಿ ಅಂತಲೇ ಹೇಳುತ್ತೇನೆ. ಆದರೆ ಏನು ಕೆಲಸ ಅಂತ ತಿಳಿದುಕೊಂಡು ಬನ್ನಿ.

ಮುಕ್ಕಾಲು ಪಾಲು ಕೆಲಸ ಎಣಿಸುವುದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಗೊತ್ತಿರಬಹುದು (ರಾಮನಗರದ ಕಡೆಯ ಮಾಗಡಿ ಅಲ್ಲ, ಗದಗ ಜಿಲ್ಲೆಯದು). 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದೂ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ನವೆಂಬರ್ ಹೊತ್ತಿಗೆ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. ಬಿಳಿ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇವು. ಬೆಳಗಿನ ಜಾವ ಅವು ಹೊಲದಿಂದ ಕೆರೆಗೆ ಮರಳುವ ಹೊತ್ತಿಗೆ ನಾವು ಏರಿ ಮೇಲೆ ಇರಬೇಕು. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಹತ್ತು ಕಣ್ಣಿಗೆ ಎಷ್ಟು ಜಾಗ ಹಿಡಿಯುತ್ತವೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು, ಗುಂಪಿನ ಮೇಲೆ ಅದೇ ಅಳತೆ ಸರಿಸುತ್ತಾ ಹೋಗುತ್ತೇವೆ. ಇಬ್ಬರು ಬೇರೆ ಬೇರೆ ಎಣಿಸುತ್ತೇವೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳುವುದಿಲ್ಲ. ತುಂಬಾ ವ್ಯತ್ಯಾಸ ಬಂದರೆ ಮತ್ತೆ ಮೊದಲಿಂದ. ನಡುವೆ ಒಂದು ಗಿಡುಗ ಹಾದುಹೋದರೆ ಇಡೀ ಕೆರೆ ಎದ್ದು ಹಾರುತ್ತದೆ, ಒಂದು ತಾಸಿನ ಕೆಲಸ ನೀರಿಗೆ.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಒಂದು ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿ ಕಂಡಿತು. ಅದರ ಮೇಲೆ ಮೂರು ಬಿಳಿ ಅಕ್ಷರ. ಟೆಲಿಸ್ಕೋಪಿನಲ್ಲಿ ಮೊದಲ ಅಕ್ಷರ ಸಿಕ್ಕಿತು, ಅಷ್ಟರಲ್ಲಿ ಅದು ಕತ್ತು ಮಡಚಿ ರೆಕ್ಕೆಯಡಿ ತಲೆ ಇಟ್ಟು ಮಲಗಿಬಿಟ್ಟಿತು. ಬಿಸಿಲೇರಿತು, ನೀರಿನ ಮೇಲೆ ಗಾಳಿ ಅಲುಗಿ ಎಲ್ಲ ಮಸುಕಾಯಿತು. ಪಕ್ಕದ ಹೊಲದ ಕಾಕಾ ಬಂದು ಕೂತು, ‘ಅಕ್ಕಾರ, ಅದರ ಕೊಳ್ಳಾಗ ಏನ್ ಓದಾಕತ್ತೀರಿ?’ ಅಂದರು. ಇಬ್ಬರೂ ಕಾದೆವು. ಹತ್ತೂವರೆಗೆ ಅದು ಎದ್ದು ಕತ್ತು ಚಾಚಿ ಎರಡು ಗುಟುಕು ನೀರು ಕುಡಿಯಿತು. ಉಳಿದ ಎರಡು ಅಕ್ಷರ ಅಷ್ಟರಲ್ಲಿ ಬರೆದುಕೊಂಡೆ. ಈ ಪಟ್ಟಿ ಎಲ್ಲಿಯದು ಅಂತ ಬರೆದು ಕೇಳಿದೆ, ಕೆಲವು ದಿನದ ಮೇಲೆ ಉತ್ತರ ಬಂತು: ಮಂಗೋಲಿಯಾದ್ದು. ಬೇಸಿಗೆಯಲ್ಲಿ ಹಳೇ ಗರಿ ಉದುರಿ ಹಾರಲಾಗದ ದಿನಗಳಲ್ಲಿ ಹಿಡಿದು ಪಟ್ಟಿ ಹಾಕಿ ಬಿಟ್ಟಿದ್ದರು. ಕಾಕಾಗೆ ಹೇಳಿದೆ. ‘ಅಲ್ಲಿ ಶೇಂಗಾ ಬೆಳೀತಾರೇನ್ರಿ?’ ಅಂದರು. ಇಲ್ಲ ಕಾಕಾ, ಬರೀ ಹುಲ್ಲು, ಈಗೆಲ್ಲ ಹಿಮ ಬಿದ್ದಿರ್ತದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ತಿನ್ಲಿ ಬಿಡ್ರಿ’ ಅಂದರು. ಅವರ ಹೊಲದಲ್ಲೇ ಅವು ರಾತ್ರಿ ಮೇಯುತ್ತಿದ್ದವು.

ಸರ್ಕಾರಕ್ಕೆ ಈ ಎಣಿಕೆ ಯಾಕೆ ಬೇಕು ಅನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು, ಅದರಲ್ಲಿ ದೊಡ್ಡ ಪಾಲು ಇದೇ ಹೆಬ್ಬಾತು. ಹಾಗಾಗಿ ಕೆರೆಯಲ್ಲಿ ಹಕ್ಕಿಗಳು ಸತ್ತು ಬೀಳತೊಡಗಿದರೆ ಪಶುವೈದ್ಯರು ಬರುತ್ತಾರೆ, ಮಾದರಿ ಭೋಪಾಲದ ಪ್ರಯೋಗಾಲಯದವರೆಗೂ ಹೋಗುತ್ತದೆ. ಎಷ್ಟರಲ್ಲಿ ಎಷ್ಟು ಸತ್ತವು ಅಂತ ಹೇಳಬೇಕಾದರೆ ಹಿಂದಿನ ವಾರದ ಲೆಕ್ಕ ಯಾರ ಬಳಿಯಾದರೂ ಇರಬೇಕಲ್ಲ.

ಇನ್ನು ಕಷ್ಟದ ಮಾತು. ನಮ್ಮಲ್ಲಿ ‘ಪಕ್ಷಿ ವಿಜ್ಞಾನಿ’ ಅಂತ ಅರ್ಜಿ ಕರೆಯುವ ಕಾಯಂ ಹುದ್ದೆ ಬಹಳ ಬಹಳ ಕಡಿಮೆ. ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಥವಾ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆದರೆ ಕಾಡು ನಿಮ್ಮ ಕೈಯಲ್ಲಿರುತ್ತದೆ, ಆದರೆ ಅದು ಆಡಳಿತದ ಕೆಲಸ, ಸಂಶೋಧನೆಗೆ ಬಿಡುವು ಸಿಗುವುದು ಕಷ್ಟ. ಸಂಶೋಧನೆಯೇ ಬೇಕಾದರೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಕೊಯಮತ್ತೂರು ಬಳಿ ಆನೈಕಟ್ಟಿಯಲ್ಲಿ 1990ರಲ್ಲಿ ಶುರುವಾದ ಸಲೀಂ ಅಲಿ ಕೇಂದ್ರ (ಈಗ ಅದೂ ಡೆಹ್ರಾಡೂನಿನ ಸಂಸ್ಥೆಯ ಭಾಗ), ಕೋಲ್ಕತ್ತಾದ ಪ್ರಾಣಿ ಸರ್ವೇಕ್ಷಣಾಲಯ. ಇಲ್ಲೂ ಹೆಚ್ಚಿನವರು ಒಳಗೆ ಬರುವುದು ಯೋಜನೆ ಸಹಾಯಕರಾಗಿ. ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಅದಿಲ್ಲದೆ ಯೋಜನೆಗೆ ಸೇರಿದರೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ನನ್ನದೊಂದು ಗುತ್ತಿಗೆ ಸೆಪ್ಟೆಂಬರಿನಲ್ಲಿ ಮುಗಿದು, ಮುಂದುವರಿಕೆ ಆದೇಶ ಬಂದಾಗ ಫೆಬ್ರವರಿ ಕೊನೆಯಾಗಿತ್ತು. ಹೆಬ್ಬಾತುಗಳು ಬಂದು ಹೊರಟೂ ಆಗಿತ್ತು. ಸ್ವಂತ ದುಡ್ಡಲ್ಲಿ ಬಸ್ಸು ಹಿಡಿದು ಎರಡು ಸಲ ಹೋಗಿ ಎಣಿಸಿ ಬಂದೆ, ಆದರೆ ಎರಡು ಎಣಿಕೆಯಿಂದ ಒಂದು ಚಳಿಗಾಲ ತುಂಬುವುದಿಲ್ಲ. ಸಂಬಳ ನಿಂತದ್ದಕ್ಕಿಂತ ನನಗೆ ಈಗಲೂ ಹೊಟ್ಟೆ ಉರಿಯುವುದು ಗ್ರಾಫಿನಲ್ಲಿ ಆ ವರ್ಷದ ಜಾಗ ಖಾಲಿ ಇರುವುದನ್ನು ನೋಡಿದಾಗ. ಅದನ್ನು ಯಾರೂ ಮತ್ತೆ ಹೋಗಿ ಎಣಿಸಿ ತರಲಾರರು.

ಯಾಕೆ ಇಷ್ಟು ಹಟ ಅಂತೀರಾ? ಅಮೆರಿಕದಲ್ಲಿ ಚಾಂಡ್ಲರ್ ರಾಬಿನ್ಸ್ ಅಂತ ಒಬ್ಬರಿದ್ದರು, ಮೇರಿಲ್ಯಾಂಡಿನ ಪಟಕ್ಸೆಂಟ್ ಎಂಬಲ್ಲಿನ ಸರ್ಕಾರಿ ಸಂಶೋಧನಾ ಕೇಂದ್ರದ ನೌಕರ. 1966ರಲ್ಲಿ ಅವರು ಒಂದು ಸರಳ ಪದ್ಧತಿ ಶುರು ಮಾಡಿದರು: ಗೊತ್ತುಮಾಡಿದ ರಸ್ತೆ, 50 ನಿಲುಗಡೆ, ಪ್ರತಿ ನಿಲುಗಡೆಯಲ್ಲಿ 3 ನಿಮಿಷ, ಕಂಡ ಕೇಳಿದ ಹಕ್ಕಿಗಳ ಲೆಕ್ಕ, ಪ್ರತಿ ಬೇಸಿಗೆಯಲ್ಲೂ ಅದೇ ರಸ್ತೆ. ಎಣಿಸುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಹವ್ಯಾಸಿಗಳು, ಲೆಕ್ಕ ಕಾಪಾಡುವುದು ಸರ್ಕಾರ. 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಅಂತ 2019ರಲ್ಲಿ ಹೇಳಲು ಸಾಧ್ಯವಾದದ್ದು ಮುಖ್ಯವಾಗಿ ಆ ಲೆಕ್ಕದಿಂದ. ಇದೇ ರಾಬಿನ್ಸ್ 1956ರಲ್ಲಿ ಮಿಡ್‌ವೇ ದ್ವೀಪದಲ್ಲಿ ಒಂದು ಆಲ್ಬಟ್ರಾಸ್ ಹಕ್ಕಿಯ ಕಾಲಿಗೆ ಉಂಗುರ ಹಾಕಿದ್ದರು. 2002ರಲ್ಲಿ, ತಮಗೆ 80 ದಾಟಿದ ಮೇಲೆ, ಅದೇ ದ್ವೀಪದಲ್ಲಿ ಅದೇ ಹಕ್ಕಿ ಮತ್ತೆ ಅವರ ಕೈಗೆ ಸಿಕ್ಕಿತು. 2005ರಲ್ಲಿ ಅವರು ನಿವೃತ್ತರಾದರು, 2017ರಲ್ಲಿ ತೀರಿಕೊಂಡರು. ವಿಸ್ಡಮ್ ಅಂತ ಹೆಸರು ಪಡೆದ ಆ ಹಕ್ಕಿ 2024ರ ಕೊನೆಯಲ್ಲೂ ಮೊಟ್ಟೆ ಇಟ್ಟಿತು. ಒಬ್ಬ ಮನುಷ್ಯನ ಆಯುಸ್ಸಿಗೂ ಸಾಲದ ಕೆಲಸ ಇದು. ಅದಕ್ಕೇ ಇದನ್ನು ಸರ್ಕಾರ ಮಾಡಬೇಕು, ಅದಕ್ಕೇ ನಿಮ್ಮಂಥವರು ಸರ್ಕಾರದ ಒಳಗೇ ಬರಬೇಕು ಅಂತ ನನ್ನ ಆಸೆ.

ಓದಿನ ವಿಷಯಕ್ಕೆ ಬಂದರೆ, ಎಂಎಸ್ಸಿಗೆ ಡೆಹ್ರಾಡೂನಿನ ಅದೇ ಸಂಸ್ಥೆ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೂರೂ ಕಡೆ ಪ್ರಯತ್ನಿಸಿ. ಸಂಖ್ಯಾಶಾಸ್ತ್ರ ಬಿಡಬೇಡಿ. ಹಕ್ಕಿ ಗುರುತಿಸುವವರು ಬೇಕಾದಷ್ಟು ಜನ ಇದ್ದಾರೆ, ಲೆಕ್ಕದಲ್ಲಿ ಎಷ್ಟು ತಪ್ಪಿರಬಹುದು ಅಂತ ಹೇಳಬಲ್ಲವರು ಕಡಿಮೆ. ಮನೆಯವರಿಗೆ ನಿಜ ಹೇಳಿ: ಮೂವತ್ತು ದಾಟುವವರೆಗೆ ಸಂಬಳ ಏರುಪೇರು, ಆಮೇಲೂ ಖಾತ್ರಿ ಇಲ್ಲ. ನಮ್ಮಮ್ಮ ಏಳನೇ ವರ್ಷ ಮಾಗಡಿ ಕೆರೆಗೆ ಬಂದು ನೋಡಿದ ಮೇಲೆ ಬ್ಯಾಂಕ್ ಪರೀಕ್ಷೆಯ ಮಾತು ಎತ್ತಿಲ್ಲ.

ಎಣಿಸುವುದಕ್ಕೆ ಕೆಲಸ ಸಿಗುವವರೆಗೂ ಕಾಯಬೇಕಿಲ್ಲ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ. ನಿಮ್ಮೂರಿನ ಒಂದು ಕೆರೆ ಆರಿಸಿಕೊಳ್ಳಿ. ತಿಂಗಳಿಗೆ ಎರಡು ಸಲ, ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿಗೆ ಎಣಿಸಿ. ತಾರೀಖು, ಸಮಯ, ನೀರು ಎಷ್ಟಿತ್ತು, ಯಾರು ಎಣಿಸಿದ್ದು, ಎಲ್ಲ ಬರೆಯಿರಿ. ಒಂದು ಹಕ್ಕಿಯೂ ಕಾಣದ ದಿನ ತಾರೀಖು ಹಾಕಿ ಸೊನ್ನೆ ಬರೆಯಿರಿ.