ಮಗುವಿಗೆ ಸಾಲ್ಮನ್: ಮೊದಲು ಮುಳ್ಳು, ಆಮೇಲೆ ಒಲೆ

ತಂಗಿ, 2 ವರ್ಷದ ಮಗ ಸಾಲ್ಮನ್ ಬಾಯಿಗಿಟ್ಟ ಕೂಡಲೇ ಉಗುಳುತ್ತಾನೆ, ಹೊಸ ದೇಶದ ಈ ಮೀನನ್ನು ಅವನಿಗೆ ಹೇಗೆ ಒಗ್ಗಿಸಲಿ ಅಂತ ಕೇಳಿದ್ದೆಯಲ್ಲ. ಬಂದ ಹೊಸದರಲ್ಲಿ ನಾನೂ ಇದೇ ಪಾಡು ಪಟ್ಟವಳು. ಹಸಿ ಉಳಿದೀತೆಂದು ಹೆದರಿ 20 ನಿಮಿಷ ಕುದಿಸುತ್ತಿದ್ದೆ. ಮೀನು ಒಣಗಿ ನಾರುನಾರಾಗಿ, ಮಗಳು ಅಗಿಯಲಾರದೆ ನಾಲಿಗೆಯಿಂದ ಹೊರಗೆ ದಬ್ಬುತ್ತಿದ್ದಳು. ರುಚಿ ಸೇರದೆ ಅಲ್ಲ, ಬೆಂದದ್ದು ಹೆಚ್ಚಾಗಿ.

ಒಲೆ ಹಚ್ಚುವ ಮೊದಲು ಮುಳ್ಳು ನೋಡು. ಮುಳ್ಳು ತೆಗೆದಿದೆ ಅಂತ ಪೊಟ್ಟಣದ ಮೇಲೆ ಬರೆದಿದ್ದರೂ ನೋಡು. ಚರ್ಮ ಕೆಳಗಾಗಿ ತುಂಡನ್ನು ಹಲಗೆ ಮೇಲಿಟ್ಟು, ದಪ್ಪಗಿರುವ ಕಡೆ ಬೆರಳನ್ನು ಹಿಂದಕ್ಕೂ ಮುಂದಕ್ಕೂ ನಿಧಾನ ಸವರು. ಸೂಜಿ ಮೊನೆ ತಾಗಿದ ಹಾಗೆ ಸಾಲಾಗಿ ಸಿಗುತ್ತವೆ. ಚಿಮಟದಲ್ಲಿ ಹಿಡಿದು, ಮುಳ್ಳು ಓರೆಯಾಗಿರುವ ದಿಕ್ಕಿಗೇ ಎಳೆದರೆ ಮಾಂಸ ಹರಿಯುವುದಿಲ್ಲ. ಬೆಂದ ಮೇಲೆ ಬಿಡಿಸುವಾಗ ಇನ್ನೊಮ್ಮೆ ಕೈಯಾಡಿಸು. ಈ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ.

ಇನ್ನು ಅಡುಗೆ ಸುಲಭ. 1 ದೊಡ್ಡ ಚಮಚ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಕೈಯಾಡಿಸು, ಬಣ್ಣ ತಿರುಗಬಾರದು. 1 ಕಪ್ ಕೆನೆ ತೆಗೆಯದ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿ. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ. ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ಬಂದಾಗ, ಚರ್ಮ ತೆಗೆದು ಸಣ್ಣಗೆ ಹೆಚ್ಚಿದ 150 ಗ್ರಾಂ ಮೀನು ಹಾಕು. ಕುದಿಯಬಾರದು, ಅಂಚಿನಲ್ಲಿ ಗುಳ್ಳೆ ಕಂಡರೆ ಸಾಕು. ಸುಮಾರು 5 ನಿಮಿಷದಲ್ಲಿ ಒಳಗಿನ ಹೊಳಪು ಹೋಗಿ ಮಾಸಲು ಬಣ್ಣ ಬರುತ್ತದೆ. ಚಮಚದಿಂದ ಒತ್ತಿದರೆ ಪದರಪದರವಾಗಿ ಬಿಟ್ಟುಕೊಳ್ಳಬೇಕು. ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿರಲಿ. ಬೇಯಿಸಿ ಮಸೆದ ಬಟಾಣಿಯನ್ನೂ ಸೇರಿಸಬಹುದು. ಉಪ್ಪು ಬೇಡ, ಮೀನಿಗೂ ಹಾಲಿಗೂ ಅವುಗಳದೇ ರುಚಿ ಇದೆ. ಮೆತ್ತಗೆ ಬೆಂದ ಪಾಸ್ತಾ, ಅನ್ನ, ಮಸೆದ ಆಲೂಗಡ್ಡೆ ಯಾವುದರ ಜೊತೆಗಾದರೂ ಕಲಸು.

ಈ ವಯಸ್ಸಿಗೆ ಒಂದು ಹೊತ್ತಿಗೆ 30 ಗ್ರಾಂನಷ್ಟು ಮೀನು ಸಾಕು, ವಾರಕ್ಕೆ ಎರಡು ಸಲ. ಪಾದರಸ ಕಡಿಮೆ ಇರುವ ಮೀನು ಇದು. ಮಿದುಳು ಬೆಳೆಯುವ ಕಾಲಕ್ಕೆ ಬೇಕಾದ ಒಮೆಗಾ-3 ಕೊಬ್ಬು, ವಿಟಮಿನ್ ಡಿ ಎರಡೂ ಇದರಲ್ಲಿವೆ, ಅದಕ್ಕೇ ನಾನು ಪಟ್ಟುಬಿಡದೆ ಹೇಳುವುದು. ಹೊಗೆಯಾಡಿಸಿದ ಸಾಲ್ಮನ್ ಮಾತ್ರ ಮಗುವಿಗೆ ಕೊಡಬೇಡ. ಅದರಲ್ಲಿ ಉಪ್ಪು ವಿಪರೀತ, ಬೇಯಿಸದೆ ತಿಂದರೆ ಲಿಸ್ಟೀರಿಯಾ ಸೋಂಕಿನ ಭಯವೂ ಇದೆ. ಮಿಕ್ಕಿದ್ದನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನ ಹಬೆ ಬರುವಷ್ಟು ಬಿಸಿಮಾಡಿ ಆರಿಸಿ ಕೊಡು.

ಒಂದು ಮಾತು ಕೇಳಬೇಕು: ಉಗುಳಿದ ದಿನ ಅವನ ತುಟಿ ಊದಿತ್ತಾ, ಬಾಯಿ ಸುತ್ತ ದದ್ದು ಎದ್ದಿತ್ತಾ, ವಾಂತಿ ಆಯಿತಾ? ಮೀನಿನ ಅಲರ್ಜಿ ಮಕ್ಕಳಲ್ಲಿ ಇರುತ್ತದೆ. ಹಾಗೇನಾದರೂ ಕಂಡಿದ್ದರೆ ಇದನ್ನು ಮಾಡಬೇಡ, ಮೊದಲು ಡಾಕ್ಟರಿಗೆ ತೋರಿಸು.