ಓದುಗರ ಪ್ರಶ್ನೆ: ಪ್ರಥಮ ಚಿಕಿತ್ಸೆ ಸ್ಪರ್ಧೆ ಮಾಡೋದು ಹೇಗೆ ಮೇಡಂ?

ಹೋದ ತಿಂಗಳು ಸ್ಕೌಟ್ಸ್ ಗೈಡ್ಸ್ ಕ್ಯಾಂಪ್ ಬಗ್ಗೆ ಬರೆದಿದ್ದೆ ಅಲ್ವಾ, ಅದಾದ್ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಹಾಗಾಗಿ ಈ ಸಲ ಕಾಲಂ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್, ಸ್ಕೌಟ್ ಮಾಸ್ಟರ್ ಕೂಡ. ನಮ್ಮ ತಾಲ್ಲೂಕಿನ ಶಾಲೆಗಳಿಂದ 10 ಟೀಮ್ ಸೇರಿಸಿ ಒಂದು ದಿನದ ಪ್ರಥಮ ಚಿಕಿತ್ಸೆ ಸ್ಪರ್ಧೆ ಮಾಡೋಣ ಅಂತಿದೀವಿ. ಪ್ರತಿ ಸಲ ಒಂದು ಬರವಣಿಗೆ ಪರೀಕ್ಷೆ, ಒಂದು ಬ್ಯಾಂಡೇಜ್ ಕಟ್ಟೋದು, ಒಂದು ಸ್ಟ್ರೆಚರ್ ಓಟ, ಮುಗೀತು. ಮಕ್ಕಳಿಗೆ ಬೇಜಾರು, ನಮಗೂ ಬೇಜಾರು. ದುಡ್ಡು ಜಾಸ್ತಿ ಇಲ್ಲ. ಬೇರೆ ಥರ ಹೇಗೆ ಮಾಡಬಹುದು?
(ಸ್ಕೌಟ್ ಮಾಸ್ಟರ್, ತುಮಕೂರು ಜಿಲ್ಲೆ)

ಉತ್ತರ: ಸರ್, ಮೊದಲು ಒಂದು ಘಟನೆ ಹೇಳ್ತೀನಿ. ನಾನು ಗೈಡ್ ಕ್ಯಾಪ್ಟನ್ ಆಗಿದ್ದಾಗ ಒಂದು ಕಡೆ ಇದೇ ಥರ ಸ್ಪರ್ಧೆಗೆ ಜಡ್ಜ್ ಆಗಿ ಹೋಗಿದ್ದೆ. ಬ್ಯಾಂಡೇಜ್‌ಗೇ 40 ಮಾರ್ಕ್ಸ್ ಇಟ್ಟಿದ್ವಿ, ಮಡಿಕೆ ಸರಿ ಬಂದಿದ್ಯಾ, ರೀಫ್ ನಾಟ್ ಅನ್ನೋ ಗಂಟು ಚಪ್ಪಟೆ ಕೂತಿದ್ಯಾ ಅಂತೆಲ್ಲ ಬಗ್ಗಿ ಬಗ್ಗಿ ನೋಡಿ ಹಾಕಿದ್ವಿ. ಮಧ್ಯಾಹ್ನ ರಿಸಲ್ಟ್ ಹೇಳೋಕೆ ಎಲ್ಲರನ್ನೂ ಬಿಸಿಲಲ್ಲಿ ಸಾಲಾಗಿ ನಿಲ್ಸಿದ್ರು, ಮೂರನೇ ಸಾಲಲ್ಲಿ ಒಂದು ಹುಡುಗಿ ತಲೆ ಸುತ್ತಿ ಕುಸಿದು ಬಿದ್ಲು. ಪಕ್ಕದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ನಮ್ಮ ಕಡೆ ನೋಡ್ತಾ ನಿಂತ್ರು. ಫಸ್ಟ್ ಪ್ರೈಜ್ ಬಂದ ಟೀಮ್ ಅವಳ ಪಕ್ಕದಲ್ಲೇ ಇತ್ತು. ಕೊನೆಗೆ ಓಡಿ ಬಂದಿದ್ದು ಬಿಸಿಯೂಟದ ಅಡುಗೆಯಮ್ಮ. ಎತ್ತಿ ನೆರಳಿಗೆ ತಂದು ಮಲಗಿಸಿ, ಸ್ಕಾರ್ಫ್ ಸಡಿಲ ಮಾಡಿ, ಕಾಲು ಮೇಲೆತ್ತಿ, ಸುತ್ತ ಮುತ್ಕೊಂಡಿದ್ದವರನ್ನ ಗದರಿ ಆಚೆ ಕಳಿಸಿದ್ರು. ಎರಡು ನಿಮಿಷಕ್ಕೆ ಹುಡುಗಿ ಕಣ್ಣು ಬಿಟ್ಲು. ಆ ಮಕ್ಕಳದ್ದೇನೂ ತಪ್ಪಿಲ್ಲ ಸರ್. ನಾವು ಯಾವುದಕ್ಕೆ ಮಾರ್ಕ್ಸ್ ಇಟ್ಟಿದ್ವೋ ಅದನ್ನ ಅವರು ಕಲ್ತಿದ್ರು. ಮೊದಲ ಒಂದು ನಿಮಿಷಕ್ಕೆ ನಾವು ಮಾರ್ಕ್ಸೇ ಇಟ್ಟಿರಲಿಲ್ಲ.

ಅದಕ್ಕೇ ಹೇಳೋದು, ಮಾರ್ಕ್ಸ್ ಶೀಟ್ ಮೊದಲು ಬರೀರಿ, ಮಿಕ್ಕಿದ್ದು ಆಮೇಲೆ. ನಾನು ಈಗ ಒಂದೊಂದು ಸ್ಟೇಷನ್‌ಗೆ, ಅಂದ್ರೆ ಒಂದೊಂದು ಅಪಘಾತದ ಸನ್ನಿವೇಶ ಇಟ್ಟಿರೋ ಜಾಗಕ್ಕೆ, 20 ಇಡ್ತೀನಿ. ಜಾಗ ಅಪಾಯ ಇಲ್ಲದ್ದಾ ಅಂತ ನೋಡಿದ್ದಕ್ಕೆ 4, ರೋಗಿ ಜೊತೆ ಮಾತಾಡಿ ಸಹಾಯಕ್ಕೆ ಫೋನ್ ಮಾಡಿದ್ದಕ್ಕೆ 4, ಚಿಕಿತ್ಸೆಗೆ 8, ಮಾಡಬಾರದ್ದನ್ನ ಮಾಡದೇ ಇದ್ದಿದ್ದಕ್ಕೆ 4. ಬ್ಯಾಂಡೇಜ್ ಗಟ್ಟಿ ನಿಂತು ರಕ್ತ ನಿಂತ್ರೆ ಸಾಕು, ಚೆಂದಕ್ಕೆ ಬೇರೆ ಮಾರ್ಕ್ಸ್ ಬೇಡ.

10 ಟೀಮ್ ಅಂದ್ರಲ್ಲ, ಲೆಕ್ಕ ಸುಲಭ. ಸ್ಕೌಟ್ಸ್ ಗೈಡ್ಸ್‌ನಲ್ಲಿ ಒಂದು ಪೆಟ್ರೋಲ್ ಅಂದ್ರೆ 6 ರಿಂದ 8 ಮಕ್ಕಳ ಸಣ್ಣ ಗುಂಪು, ಅದೇ ಒಂದು ಟೀಮ್. 5 ಸ್ಟೇಷನ್ ಮಾಡಿ, ಒಂದೊಂದಕ್ಕೆ 8 ನಿಮಿಷ, ಮುಂದಿನ ಸ್ಟೇಷನ್‌ಗೆ ಹೋಗೋಕೆ, ಜಾಗ ಮತ್ತೆ ಸರಿ ಮಾಡೋಕೆ 4 ನಿಮಿಷ. ಒಂದು ಗಂಟೆಗೆ 5 ಟೀಮ್ ಮುಗೀತವೆ, ಎರಡು ಗಂಟೆಗೆ 10. ಬೆಳಗ್ಗೆ 9.30ಕ್ಕೆ ಶುರು ಮಾಡಿದ್ರೆ ಬಿಸಿಲು ಏರೋದ್ರೊಳಗೆ ಮುಗಿಯತ್ತೆ. ಎರಡನೇ ಬ್ಯಾಚ್‌ನವರನ್ನ ಬೇರೆ ರೂಮಲ್ಲಿ ಕೂರಿಸಿ, ಗಂಟು ಹಾಕೋದೋ ಹಾಡೋ ಏನಾದ್ರೂ ಮಾಡಿಸ್ತಾ ಇರಿ, ಇಲ್ಲಾಂದ್ರೆ ಮೊದಲನೇ ಬ್ಯಾಚ್ ಬಂದು ಎಲ್ಲಾ ಹೇಳಿಬಿಡತ್ತೆ.

ಸ್ಟೇಷನ್‌ಗಳು ನಿಮ್ಮೂರಲ್ಲಿ ನಿಜವಾಗ್ಲೂ ಆಗೋ ಥರದ್ದೇ ಇರ್ಲಿ. ಒಂದು ಅಡುಗೆಮನೆ ಮಾಡಿ, ಬಿಸಿ ಸಾರು ಕೈ ಮೇಲೆ ಬಿದ್ದಿದೆ. ಪಕ್ಕದಲ್ಲೇ ಟೂತ್‌ಪೇಸ್ಟ್, ಇಂಕು, ಕಾಫಿ ಪುಡಿ, ಐಸು ಎಲ್ಲಾ ಇಡಿ, ಒಂದು ಬಕೆಟ್ ನೀರು ಮಗ್ಗು ಮಾತ್ರ ಸ್ವಲ್ಪ ದೂರ ಇರ್ಲಿ. ಟೀಮ್ ಕೈ ಹಾಕೋದು ಪೇಸ್ಟ್‌ಗಾ ಮಗ್ಗಿಗಾ ಅಂತ ನೋಡಿ. 20 ನಿಮಿಷ ನೀರು ಹಾಕ್ಬೇಕು, ನಿಮ್ಮ ಹತ್ರ ಇರೋದು 8, ಹಾಗಾಗಿ ಕೊನೇವರೆಗೂ ನೀರು ಬಿಡದೇ ಹಾಕ್ತಾ "ಇನ್ನೂ ಹಾಕ್ಬೇಕು, ಒಟ್ಟು 20 ನಿಮಿಷ" ಅಂದ್ರೆ ಪೂರ್ತಿ ಮಾರ್ಕ್ಸ್. ಬಳೆ ಉಂಗುರ ಊತ ಬರೋ ಮುಂಚೆ ತೆಗೆದ್ರೆ ಇನ್ನೂ ಒಳ್ಳೇದು.

ಇನ್ನೊಂದು ತೋಟ. ಕಾಲಿಗೆ ಹಾವು ಕಚ್ಚಿದೆ, ಊರವರ ಪಾತ್ರ ಮಾಡೋ ಇಬ್ಬರು "ಹಗ್ಗ ಬಿಗೀರಿ, ಬ್ಲೇಡ್ ತನ್ನಿ, ಮಂತ್ರ ಹಾಕೋರ ಹತ್ರ ಹೋಗೋಣ" ಅಂತ ಕೂಗ್ತಾ ಇರ್ಬೇಕು. ಮಕ್ಕಳು ಅವರಿಗೆ ಬೇಡ ಅಂತ ಹೇಳೋ ಧೈರ್ಯ ಮಾಡ್ಬೇಕು, ಅದೇ ಕಷ್ಟದ ಭಾಗ. ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಹಾವು ಹುಡುಕಿಕೊಂಡು ಹೋಗಬಾರದು. ಧೈರ್ಯ ಹೇಳಿ, ಕಾಲುಂಗುರ ಚೈನು ತೆಗೆದು, ಮೂಳೆ ಮುರಿದಾಗ ಮಾಡ್ತೀವಲ್ಲ ಹಾಗೆ ಕಾಲು ಅಲುಗದಂತೆ ಇಟ್ಟು, ನಡೆಸದೇ ಎತ್ಕೊಂಡು ಆಸ್ಪತ್ರೆಗೆ. ಕಚ್ಚಿದ ಟೈಮ್ ಬರೆದುಕೊಳ್ಳೋದು ಮರೀಬಾರದು. ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಯಾವುದೇ ಇರ್ಲಿ ಮಕ್ಕಳು ಮಾಡಬೇಕಾದ್ದು ಇದೇ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಕೇಸ್‌ಗಳನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತ ಇದೆ, ಅಷ್ಟು ದೊಡ್ಡ ಸಮಸ್ಯೆ ಇದು, ನಮ್ಮ ಸ್ಪರ್ಧೆಗಳಲ್ಲಿ ಮಾತ್ರ ಇದನ್ನ ಯಾರೂ ಇಡಲ್ಲ.

ಕೃಷಿ ಹೊಂಡ ಒಂದು ಇಟ್ಟೇ ಇಡಿ. ಪ್ಲಾಸ್ಟಿಕ್ ಹಾಸಿರೋ ಹೊಂಡಕ್ಕೆ ಬಿದ್ದವರಿಗೆ ಜಾರಿಕೆಯಿಂದ ಮೇಲೆ ಹತ್ತೋಕೆ ಆಗಲ್ಲ, ಎತ್ತೋಕೆ ಹೋದವರೂ ಒಳಗೇ ಉಳೀತಾರೆ. ನೀರು ಬೇಕಾಗಿಲ್ಲ, ಮೈದಾನದಲ್ಲೇ ಸುಣ್ಣದ ಪುಡಿಯಲ್ಲಿ ಚೌಕ ಎಳೀರಿ, ಒಳಗೆ ಒಬ್ಬ ಹುಡುಗ ಕೈ ಬಡೀತಾ ಇರ್ಲಿ. ದಡದಲ್ಲಿ ಹಗ್ಗ, ಲಾಠಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಇಡಿ. ಗೆರೆ ದಾಟಿ ಯಾರಾದ್ರೂ ಒಳಗೆ ಕಾಲಿಟ್ರೆ ಆ ಸ್ಟೇಷನ್ ಸೊನ್ನೆ. ಇದು ಕಠಿಣ ಅನ್ಸತ್ತೆ, ಮಕ್ಕಳು ಅಳ್ತಾರೆ, ಆದ್ರೂ ಈ ನಿಯಮ ಸಡಿಲ ಮಾಡಬೇಡಿ ಸರ್.

ಮಿಕ್ಕ ಎರಡರಲ್ಲಿ ಒಂದು ಬೈಕ್ ಬಿದ್ದಿದ್ದು, ರಕ್ತ ಸೋರ್ತಿರೋ ಕಾಲು, ಮುರಿದ ಮುಂಗೈ. ಇದಕ್ಕೆ ತ್ರಿಕೋನ ಬ್ಯಾಂಡೇಜ್ ಬೇಕು, ಅಂಗಡೀಲಿ ಕೊಳ್ಳಬೇಡಿ, ಒಂದು ಮೀಟರ್ ಅಗಲದ ಕೋರಾ ಬಟ್ಟೆ 5 ಮೀಟರ್ ತಂದ್ರೆ ಚೌಕ ಮಾಡಿ ಮೂಲೆಯಿಂದ ಮೂಲೆಗೆ ಕತ್ತರಿಸಿದ್ರೆ 10 ಆಗ್ತವೆ. ಇನ್ನೊಂದು ಪ್ರಜ್ಞೆ ತಪ್ಪಿ ಉಸಿರಾಡದೇ ಬಿದ್ದಿರೋ ವ್ಯಕ್ತಿ. ಇಲ್ಲಿ ಜಡ್ಜೇ 108ರ ಆಪರೇಟರ್ ಆಗ್ಲಿ, ಆಟಿಕೆ ಫೋನ್ ಸಾಕು. "ಎಲ್ಲಿದೀರಾ?" ಅಂದ್ರೆ ಮುಕ್ಕಾಲು ಭಾಗ ಮಕ್ಕಳು "ಸ್ಕೂಲ್ ಹತ್ರ" ಅಂತಾರೆ. ಯಾವ ಸ್ಕೂಲು, ಯಾವ ಊರು, ಯಾವ ದೇವಸ್ಥಾನದ ಪಕ್ಕ, ಎಷ್ಟು ಜನಕ್ಕೆ ಏನಾಗಿದೆ, ಇಷ್ಟು ಹೇಳಿ ಅವರು ಇಡೋವರೆಗೂ ಫೋನ್ ಇಡಬಾರದು. ಸಿ.ಪಿ.ಆರ್. (ಉಸಿರು ನಿಂತವರ ಎದೆ ಒತ್ತಿ ಜೀವ ಉಳಿಸೋ ವಿಧಾನ) ಕಲಿಯೋ ಗೊಂಬೆ ಸಿಗದಿದ್ರೆ ದಿಂಬಿನ ಒಳಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲ್ ಇಟ್ಟು ಅದಕ್ಕೊಂದು ಟೀ ಶರ್ಟ್ ಹಾಕಿ. ಬದುಕಿರೋ ಮಗುವಿನ ಎದೆ ಮೇಲೆ ಒತ್ತಿಸೋದು ಯಾವತ್ತೂ ಬೇಡ. ನಿಮಿಷಕ್ಕೆ 100 ರಿಂದ 120 ಸಲ ಒತ್ಬೇಕು, ಅಂದ್ರೆ 30 ಒತ್ತುಗಳು 15 ರಿಂದ 18 ಸೆಕೆಂಡಲ್ಲಿ ಮುಗೀಬೇಕು, ಜಡ್ಜ್ ಮೊಬೈಲ್ ಸ್ಟಾಪ್‌ವಾಚ್ ಹಿಡಿದ್ರೆ ಯಾರ ತಕರಾರೂ ಇರಲ್ಲ.

ಸ್ಟ್ರೆಚರ್ ಓಟ ಮಾತ್ರ ಕೈ ಬಿಡಿ. ಎರಡು ಲಾಠಿ ಮೂರು ಶರ್ಟಲ್ಲಿ ಸ್ಟ್ರೆಚರ್ ಮಾಡೋದು ಕಲೀಲಿ, ಮೊದಲು ಅದರ ಭಾರ ತಡೆಯೋ ಶಕ್ತಿ ಪರೀಕ್ಷೆ ಮಾಡ್ಲಿ, ಆಮೇಲೆ ಮಲಗಿದವನಿಗೆ ಕುಲುಕದಂತೆ 20 ಹೆಜ್ಜೆ ನಡೀಲಿ. ಓಡೋದು ಯಾಕೆ?

ದಿನಾಂಕಕ್ಕೆ ಹೇಳೋದಾದ್ರೆ ಸೆಪ್ಟೆಂಬರ್ ಎರಡನೇ ಶನಿವಾರ ವಿಶ್ವ ಪ್ರಥಮ ಚಿಕಿತ್ಸೆ ದಿನ, ಮಳೆ ಭಯ ಇದ್ರೆ ನವೆಂಬರ್ 7ರ ಸುಮಾರಿಗೆ ಇಟ್ಕೊಳ್ಳಿ, 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಶುರುವಾದ ದಿನ ಅದು.

ಪ್ರಶ್ನೆ: ಮೇಡಂ, ಗಾಯಾಳು ಪಾತ್ರಕ್ಕೆ ಗಾಯ ನಿಜ ಅನ್ನೋ ಥರ ಮಾಡೋಕೆ ಏನು ಬಳಸ್ಬೇಕು? ಯಾರನ್ನ ಮಲಗಿಸ್ಬೇಕು?
(ಗೈಡ್ ಕ್ಯಾಪ್ಟನ್, ಶಿವಮೊಗ್ಗ)

ಉತ್ತರ: ಕುಂಕುಮ ಕೊಬ್ಬರಿ ಎಣ್ಣೆ ಕಲಸಿದ್ರೆ ರಕ್ತ, ಮೈದಾ ಹಿಟ್ಟು ಗಟ್ಟಿ ಕಲಸಿ ಚರ್ಮಕ್ಕೆ ಅಂಟಿಸಿ ಚಮಚದ ಹಿಂಬದಿಯಿಂದ ಸೀಳಿದ್ರೆ ಗಾಯ, ಸೋರೋ ಥರ ಬೇಕಾದ್ರೆ ಬೀಟ್‌ರೂಟ್ ರಸ. ಮುಖಕ್ಕೆ ಸ್ವಲ್ಪ ಪೌಡರ್ ಹಾಕಿ ಹಣೆಗೆ ನೀರು ಚಿಮುಕಿಸಿ, ಬೆವರಿದ ಹಾಗೆ ಕಾಣತ್ತೆ. ಯಾರಿಗಾದ್ರೂ ಕುಂಕುಮ ತುರಿಕೆ ಆಗತ್ತಾ ಅಂತ ಹಿಂದಿನ ದಿನವೇ ಕೈ ಮೇಲೆ ಹಚ್ಚಿ ನೋಡಿ, ಹಳೇ ಬಟ್ಟೆ ಹಾಕ್ಕೊಂಡು ಬರೋಕೆ ಹೇಳಿ.

ಪಾತ್ರಕ್ಕೆ ರೋವರ್ಸ್ ರೇಂಜರ್ಸ್ (ಸ್ಕೌಟ್ಸ್ ಗೈಡ್ಸ್‌ನ ದೊಡ್ಡ ವಯಸ್ಸಿನವರ ವಿಭಾಗ) ಇದ್ರೆ ಅವರೇ ಬೆಸ್ಟ್, ಸಣ್ಣ ಮಕ್ಕಳು ನಕ್ಕುಬಿಡ್ತಾರೆ. ಅವರಿಗೆ ಎಲ್ಲಾ ಟೀಮ್‌ಗೂ ಒಂದೇ ಥರ ನರಳೋಕೆ ಹೇಳ್ಬೇಕು, ಒಂದು ಟೀಮ್‌ಗೆ ಜೋರಾಗಿ ಕೂಗಿ ಇನ್ನೊಂದಕ್ಕೆ ಸುಮ್ನಿದ್ರೆ ಅನ್ಯಾಯ ಆಗತ್ತೆ. ನಿಜವಾಗ್ಲೂ ನೋವಾದ್ರೆ ಹೇಳೋಕೆ ಒಂದು ಮಾತು ಗೊತ್ತು ಮಾಡಿಡಿ, "ವಿಸಲ್" ಅಂದ ತಕ್ಷಣ ಎಲ್ಲರೂ ಕೈ ತೆಗೀಬೇಕು. ಅಕ್ಕಪಕ್ಕದ ಮನೆಯವರಿಗೂ ಮುಂಚೆನೇ ಹೇಳಿ ಕ್ಯಾಪ್ಟನ್, ಒಂದು ಸಲ ನಮ್ಮ ಹುಡುಗನ ಕಾಲಿನ ಕುಂಕುಮ ನೋಡಿ ಎದುರು ಮನೆ ಅಜ್ಜಿ ಅತ್ತುಬಿಟ್ಟಿದ್ರು. ನಿಜವಾದ ಫಸ್ಟ್ ಏಡ್ ಬಾಕ್ಸ್ ಬೇರೆ ಇರ್ಲಿ, ಅದನ್ನ ಸ್ಪರ್ಧೆಗೆ ಮುಟ್ಟಬೇಡಿ.

ಪ್ರಶ್ನೆ: ಜಡ್ಜ್‌ಗಳೇ ಜಗಳ ಆಡಿದ್ರೆ ಏನ್ಮಾಡೋದು? ಸುಟ್ಟ ಗಾಯಕ್ಕೆ 10 ನಿಮಿಷ ನೀರು ಅಂತ ಒಬ್ರು, 20 ಅಂತ ಒಬ್ರು, ಮಕ್ಕಳ ಮುಂದೆಯೇ ವಾದ ಆಯ್ತು.
(ಓದುಗರು, ಹಾಸನ)

ಉತ್ತರ: ಹಳೇ ಪುಸ್ತಕಗಳಲ್ಲಿ 10 ಇದೆ, ಈಗಿನ ತುಂಬಾ ಮಾರ್ಗಸೂಚಿಗಳಲ್ಲಿ 20. ಇಬ್ಬರೂ ಓದಿದ್ದನ್ನೇ ಹೇಳಿದ್ದು. ಸರಿ ಉತ್ತರ ಯಾವುದು ಅಂತ ಸ್ಪರ್ಧೆ ದಿನ ತೀರ್ಮಾನ ಮಾಡೋದಲ್ಲ, 3 ವಾರ ಮುಂಚೆ ಒಂದೇ ಹಾಳೆಯಲ್ಲಿ ಬರೆದು ಎಲ್ಲಾ ಶಾಲೆಗೂ ಎಲ್ಲಾ ಜಡ್ಜ್‌ಗೂ ಒಟ್ಟಿಗೆ ಕಳಿಸ್ಬೇಕು, ಆ ಹಾಳೆಯನ್ನ ಒಬ್ಬ ಡಾಕ್ಟರ್ ನೋಡಿರ್ಬೇಕು. ಹಿಂದಿನ ಸಂಜೆ ಜಡ್ಜ್‌ಗಳು ಅರ್ಧ ಗಂಟೆ ಕೂತು ಓದ್ಲಿ. ಒಬ್ಬ ಜಡ್ಜ್ ಇಡೀ ದಿನ ಒಂದೇ ಸ್ಟೇಷನ್‌ನಲ್ಲಿ ಇದ್ರೆ 10 ಟೀಮನ್ನೂ ಒಂದೇ ಕಣ್ಣಲ್ಲಿ ನೋಡಿದ ಹಾಗಾಗತ್ತೆ. ಪಿ.ಎಚ್.ಸಿ. ನರ್ಸ್, 108ರಲ್ಲಿ ಕೆಲಸ ಮಾಡೋರು, ರೆಡ್‌ಕ್ರಾಸ್‌ನಲ್ಲಿ ತರಬೇತಿ ಆದವರು, ಇಂಥವರನ್ನ ಕೇಳಿ, ನನ್ನ ಅನುಭವದಲ್ಲಿ ಖುಷಿಯಿಂದ ಬರ್ತಾರೆ. ಸ್ಪರ್ಧಿಸೋ ಶಾಲೆಯ ಟೀಚರ್ ಜಡ್ಜ್ ಆಗೋದು ಬೇಡವೇ ಬೇಡ.

ಇನ್ನೊಂದು ಮಾತು, ಟೀಮ್ ಮುಗಿಸಿದ ಮೇಲೆ ಜಡ್ಜ್ ಒಂದು ನಿಮಿಷ ಅವರಿಗೆ ಏನು ಸರಿ ಏನು ತಪ್ಪು ಅಂತ ಅಲ್ಲೇ ಹೇಳ್ಲಿ. ತಪ್ಪು ಕಲ್ತುಕೊಂಡೇ ಮಗು ಮನೆಗೆ ಹೋಗಬಾರದು.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಸಿ.ಪಿ.ಆರ್. ಎಲ್ಲ ಕಲಿಸ್ತಾರಂತೆ. ಇಷ್ಟು ಚಿಕ್ಕವರಿಗೆ ಬೇಕಾ? ನಾಳೆ ರೋಡಲ್ಲಿ ಯಾರಿಗೋ ಸಹಾಯ ಮಾಡೋಕೆ ಹೋಗಿ ಪೊಲೀಸ್ ಕೇಸ್ ಆದ್ರೆ?
(ಒಬ್ಬ ತಾಯಿ, ಧಾರವಾಡ)

ಉತ್ತರ: ನಿಮ್ಮ ಭಯ ನಂಗೆ ಅರ್ಥ ಆಗತ್ತೆ ಅಮ್ಮ. 12ನೇ ವಯಸ್ಸಿಂದ ವರ್ಷಕ್ಕೆ 2 ಗಂಟೆ ಎಲ್ಲಾ ಶಾಲಾ ಮಕ್ಕಳಿಗೂ ಸಿ.ಪಿ.ಆರ್. ಕಲಿಸ್ಬೇಕು ಅನ್ನೋ ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಬೆಂಬಲ ಕೊಟ್ಟಿದೆ. ದೊಡ್ಡವರ ಎದೆ 5 ಸೆಂಟಿಮೀಟರ್ ಆದ್ರೂ ಇಳಿಯೋ ಹಾಗೆ ಒತ್ತೋಕೆ ಸಣ್ಣ ಮೈಯ ಮಕ್ಕಳಿಗೆ ಶಕ್ತಿ ಸಾಲದೇ ಇರಬಹುದು. ಆದ್ರೆ ಗೊತ್ತಿರೋ ಮಗು 108ಕ್ಕೆ ಫೋನ್ ಮಾಡತ್ತೆ, ಪಕ್ಕದ ದೊಡ್ಡವರನ್ನ ಕರೆದು "ಇಲ್ಲಿ ಒತ್ತಿ, ನಿಲ್ಲಿಸಬೇಡಿ" ಅಂತ ಹೇಳತ್ತೆ. ಮನೇಲಿ ಅಜ್ಜಂಗೋ ನಿಮಗೋ ಏನಾದ್ರೂ ಆದ್ರೆ ಪಕ್ಕದಲ್ಲಿ ಇರೋದು ಅವನೇ.

ಕೇಸ್ ವಿಷಯ. ರಸ್ತೆ ಅಪಘಾತದಲ್ಲಿ ಒಳ್ಳೇ ಮನಸ್ಸಿಂದ, ಪ್ರತಿಫಲ ನಿರೀಕ್ಷೆ ಇಲ್ಲದೇ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್ ರಕ್ಷಣೆ ಕೊಡತ್ತೆ. ಹೆಸರು ವಿಳಾಸ ಕೊಡಿ ಅಂತ ಬಲವಂತ ಮಾಡೋ ಹಾಗಿಲ್ಲ. ಆದ್ರೂ ಮಗನಿಗೆ ಒಂದು ಮಾತು ಹೇಳಿ, ಓಡೋ ಗಾಡಿಗಳ ಮಧ್ಯೆ ನುಗ್ಗಬಾರದು, ದೊಡ್ಡವರನ್ನ ಕರೆದೇ ಹತ್ರ ಹೋಗ್ಬೇಕು. ಒಳ್ಳೇ ಸ್ಕೌಟ್ ಮಾಸ್ಟರ್ ಇದನ್ನ ಮೊದಲನೇ ದಿನವೇ ಹೇಳಿರ್ತಾರೆ.

ಪ್ರಶ್ನೆ: ಮೇಡಂ ನಾನು 8ನೇ ಕ್ಲಾಸ್, ಪೆಟ್ರೋಲ್ ಲೀಡರ್. ಸ್ಪರ್ಧೆಯಲ್ಲಿ ಒಬ್ಬ ಆಂಟಿಗೆ ಫಿಟ್ಸ್ ಬಂದ ಹಾಗೆ ಮಾಡಿದ್ರು. ಕೈಗೆ ಬೀಗದ ಕೈ ಕೊಡು ಅಂತ ಎಲ್ಲರೂ ಕೂಗಿದ್ರು, ನಾನು ಕೊಡಲಿಲ್ಲ. ಸುತ್ತ ಇದ್ದ ಕುರ್ಚಿ ಸರಿಸಿ, ತಲೆ ಕೆಳಗೆ ಸ್ಕಾರ್ಫ್ ಮಡಚಿಟ್ಟು ವಾಚ್ ನೋಡ್ತಾ ಕೂತೆ. ಫಿಟ್ಸ್ ನಿಂತ ಮೇಲೆ ಪಕ್ಕಕ್ಕೆ ಮಲಗಿಸಿದೆ. ಟೀಮ್ ಏನೂ ಮಾಡ್ಲಿಲ್ಲ ಅಂತ ಮಾರ್ಕ್ಸ್ ಕಮ್ಮಿ ಕೊಟ್ರು. ನಾನು ಮಾಡಿದ್ದು ತಪ್ಪಾ?
(ಒಬ್ಬ ಗೈಡ್, ಚಿತ್ರದುರ್ಗ ಜಿಲ್ಲೆ)

ಉತ್ತರ: ತಪ್ಪಿಲ್ಲ ಪುಟ್ಟಿ, ಪೂರ್ತಿ ಸರಿ. ಬೀಗದ ಕೈ, ಕಬ್ಬಿಣ, ಈರುಳ್ಳಿ ಯಾವುದರಿಂದಲೂ ಫಿಟ್ಸ್ ನಿಲ್ಲಲ್ಲ, ಬಾಯಿಗೆ ಏನೂ ತುರುಕಬಾರದು, ಕೈ ಕಾಲು ಅದುಮಿ ಹಿಡೀಬಾರದು. ಅಷ್ಟು ಜನ ಕೂಗ್ತಿದ್ರೂ ನೀನು ಕೊಡದೇ ಕೂತಿದ್ದು ಕಷ್ಟದ ಕೆಲಸ. ವಾಚ್ ನೋಡಿದ್ದು ಯಾಕೆ ಅಂತ ಜೋರಾಗಿ ಹೇಳಿದ್ರೆ ಜಡ್ಜ್‌ಗೂ ಗೊತ್ತಾಗ್ತಿತ್ತೇನೋ. 5 ನಿಮಿಷ ದಾಟಿದ್ರೆ, ಇಲ್ಲಾ ಪ್ರಜ್ಞೆ ಬರೋ ಮುಂಚೆ ಮತ್ತೆ ಬಂದ್ರೆ 108ಕ್ಕೆ ಫೋನ್ ಮಾಡ್ಬೇಕು. ಮುಂದಿನ ಸಲ ಏನು ಮಾಡ್ತಿದೀಯೋ ಅದನ್ನ ಬಾಯಲ್ಲಿ ಹೇಳ್ತಾ ಹೇಳ್ತಾ ಮಾಡು, ಟೀಮಲ್ಲಿ ಒಬ್ಬಳಿಗೆ ಟೈಮ್ ಬರೆಯೋ ಕೆಲಸ ಕೊಡು, ಇನ್ನೊಬ್ಬಳಿಗೆ ಜನರನ್ನ ದೂರ ನಿಲ್ಲಿಸೋ ಕೆಲಸ. ಈ ಪುಟ ಕತ್ತರಿಸಿ ನಿಮ್ಮ ಕ್ಯಾಪ್ಟನ್‌ಗೆ ಕೊಡು, ನಾನು ಕಳಿಸಿದೆ ಅಂತ ಹೇಳು.