ಡಬಲ್ಸ್ ಮಾತ್ರ ಆಡಿ ಟೆನಿಸ್‌ನಲ್ಲಿ ನೆಲೆ ನಿಲ್ಲಬಹುದೇ?

ಮಂಗಳೂರಿನಲ್ಲಿ ಆಡುವ ನಿಮ್ಮ ಮಗಳಿಗೆ ನೆಟ್ ಹತ್ತಿರದ ಆಟವೇ ಇಷ್ಟ, ಡಬಲ್ಸನ್ನೇ ನಂಬಬಹುದಾ ಅಂತ ಕೇಳಿದ್ದೀರಿ. ನಂಬಬಹುದು. ಆದರೆ ಈಗಲೇ ಸಿಂಗಲ್ಸ್ ಬಿಡಿಸಬೇಡಿ.

ಸಾನಿಯಾ ಮಿರ್ಜಾ ಅವರನ್ನೇ ನೋಡಿ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್ ತನಕ ಹೋಗಿದ್ದರು. ಮಣಿಕಟ್ಟಿನ ನೋವು ಬಿಡಲಿಲ್ಲ, ಕೊನೆಗೆ ಡಬಲ್ಸ್‌ಗೇ ನಿಂತರು. 2015ರ ಏಪ್ರಿಲ್‌ನಲ್ಲಿ ನಂಬರ್ 1 ಆದರು. ಸ್ವಿಟ್ಜರ್ಲೆಂಡಿನ ಆಟಗಾರ್ತಿ ಮಾರ್ಟಿನಾ ಹಿಂಗಿಸ್ ಜತೆ ಸತತ 41 ಪಂದ್ಯ ಗೆದ್ದರು. ಸಾನಿಯಾ ಹಿಂದಿನಿಂದ ಜೋರಾಗಿ ಫೋರ್‌ಹ್ಯಾಂಡ್ ಹೊಡೆಯುತ್ತಿದ್ದರು. ಎದುರಾಳಿ ಹೇಗೋ ತಡವರಿಸಿ ಚೆಂಡು ಎತ್ತಿದರೆ ನೆಟ್ ಬಳಿಯ ಹಿಂಗಿಸ್ ಅಡ್ಡ ನುಗ್ಗಿ ವಾಲಿಯಲ್ಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದು, ಮುಗಿಸುತ್ತಿದ್ದರು. ನೋಡೋದೇ ಒಂದು ಖುಷಿ!

ರ‍್ಯಾಂಕಿಂಗ್ ಇರೋದು ಜೋಡಿಗಲ್ಲ, ಒಬ್ಬೊಬ್ಬರಿಗೆ. ಟೂರ್ನಿಗೆ ಸೇರಿಸುವಾಗ ಇಬ್ಬರ ರ‍್ಯಾಂಕ್ ಕೂಡಿಸಿ ನೋಡುತ್ತಾರೆ. ಹಾಗಾಗಿ ಒಳ್ಳೆ ಜತೆಗಾರ್ತಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಬಹುಮಾನದ ಹಣ ಸಿಂಗಲ್ಸ್‌ಗಿಂತ ಕಡಿಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಕೆಳಹಂತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಗಳಲ್ಲಿ ಓಡಾಟದ ಖರ್ಚು ಹುಟ್ಟೋದೂ ಕಷ್ಟ. ಇದು ಮನೆಯವರಿಗೆ ಮೊದಲೇ ಗೊತ್ತಿರಲಿ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲಿನ ಕೋರ್ಟ್ ನಂಬೋ ಹಾಗಿಲ್ಲ, ಅಲ್ವಾ? ಆ ತಿಂಗಳುಗಳಲ್ಲಿ ಸೂರಿನಡಿ ಗೋಡೆಗೆ ವಾಲಿ ಹೊಡೆಸಿ. ಬೆಂಗಳೂರಿನಲ್ಲಿ ಐಟಿಎಫ್ ಮಹಿಳಾ ಟೂರ್ನಿ ನಡೆದಾಗ ರಾತ್ರಿ ಬಸ್ ಹತ್ತಿಸಿ ಕರೆದುಕೊಂಡು ಹೋಗಿ, ಡಬಲ್ಸ್ ಪಂದ್ಯಗಳನ್ನೇ ಕೂರಿಸಿ ತೋರಿಸಿ.